ಯಿಶುನ್‌ನ ಹುಡುಗಿಯನ್ನು ಅಳೆಯಲು ಹೋದದ್ದು

ಚಾಂಗಿ

ಚಾಂಗಿ ವಿಮಾನ ನಿಲ್ದಾಣದಲ್ಲಿ ಸಿಂಗಪುರದ ಕಸ್ಟಮ್ಸಿನವನು ನನ್ನ ಚೀಲದಿಂದ ಒಂದೊಂದೇ ಸಾಮಾನು ತೆಗೆದು ಮೇಜಿನ ಮೇಲೆ ಸಾಲಾಗಿ ಇಟ್ಟ. ಐವತ್ತು ಮೀಟರಿನ ಟೇಪು. ಎರಡು ಸ್ಟಾಪ್‌ವಾಚು. ಒಂದು ಸುತ್ತು ನೂಲಿನ ಹಗ್ಗ. ಆಮೇಲೆ ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಕಟ್ಟಿದ್ದ ಒಂದು ಕಿಲೋ ಬಿಳಿ ಪುಡಿ. ಅದನ್ನು ನೋಡಿದ್ದೇ ತಡ, ಅವನ ಮುಖದ ನಗು ಮಾಯವಾಯಿತು. ಇನ್ನಿಬ್ಬರು ಬಂದರು. ಒಬ್ಬ ಮೂಸಿದ. ಇನ್ನೊಬ್ಬ ನನ್ನನ್ನೇ ಅಡಿಯಿಂದ ಮುಡಿಯವರೆಗೆ ನೋಡಿದ. ಇಂಥ ಪುಡಿ ತಂದವರ ಗತಿ ಆ ದೇಶದಲ್ಲಿ ಏನಾಗುತ್ತದೆ ಎಂದು ವಿಮಾನದಲ್ಲಿ ಕೊಟ್ಟ ಕಾರ್ಡಿನಲ್ಲೇ ಕೆಂಪು ಅಕ್ಷರದಲ್ಲಿ ಅಚ್ಚು ಹಾಕಿದ್ದರು. ನನಗೆ ಅದು ನೆನಪಾದದ್ದು ಆಗ.

ಅಯ್ಯೋ, ಅದು ಸುಣ್ಣ ಕಣ್ರೀ! ಮೈದಾನದಲ್ಲಿ ಗೆರೆ ಹಾಕುವ ಸುಣ್ಣ! ಇದನ್ನು ಇಂಗ್ಲಿಷಿನಲ್ಲಿ ಹೇಳಲು ಹೋಗಿ ನಾಲಿಗೆ ತಡವರಿಸಿತು. “ಐ ಹ್ಯಾವ್ ಕಮ್ ಟು ಮೆಷರ್ ಎ ಗರ್ಲ್” ಎಂದುಬಿಟ್ಟೆ. ಮೂವರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮುಕ್ಕಾಲು ಗಂಟೆ ಕೂರಿಸಿ, ಅದೇನೋ ದ್ರಾವಣ ಹಾಕಿ ನೋಡಿ, ಕೊನೆಗೆ ಸುಣ್ಣವನ್ನು ಮಾತ್ರ ಅಲ್ಲೇ ಇಟ್ಟುಕೊಂಡು ನನ್ನನ್ನು ಬಿಟ್ಟರು.

ಹುಡುಗಿಯನ್ನು ಅಳೆಯಲು ಬಂದಿದ್ದು ಮಾತ್ರ ನಿಜ. ನಾನು ಮೈಸೂರಿನ ಹೆಣ್ಣುಮಕ್ಕಳ ಪಿ.ಯು. ಕಾಲೇಜೊಂದರಲ್ಲಿ ಆಗಲೇ ಇಪ್ಪತ್ತಾರು ವರ್ಷ ಪಿ.ಟಿ. ಮೇಡಂ ಆಗಿ ಕೆಲಸ ಮಾಡಿದ್ದವಳು. ನಮ್ಮಲ್ಲಿ ಸಾಫ್ಟ್‌ಬಾಲ್ ತಂಡವಿತ್ತು. ಬೇಸ್‌ಬಾಲಿನ ತಂಗಿಯಂಥ ಆಟ ಅದು, ಚೆಂಡು ಸ್ವಲ್ಪ ದಪ್ಪ, ಕೈಯನ್ನು ಗಿರ್ರನೆ ಒಂದು ಸುತ್ತು ತಿರುಗಿಸಿ ಸೊಂಟದ ಕೆಳಗಿನಿಂದ ಎಸೆಯಬೇಕು. ಆಟದ ಕೋಟಾದಲ್ಲಿ ವರ್ಷಕ್ಕೆ ಒಂದೇ ಸೀಟು, ಹಾಸ್ಟೆಲ್ ಸಮೇತ. ಅದಕ್ಕೆ ಯಾರನ್ನು ತೆಗೆದುಕೊಳ್ಳಬೇಕೆಂದು ಕಮಿಟಿ ತೀರ್ಮಾನಿಸುತ್ತಿದ್ದುದು ನಾನು ತುಂಬಿಕೊಟ್ಟ ಫಾರಂ ನೋಡಿಯೇ. ೧೯೯೬ರಲ್ಲಿ ನಾನು ಜೀವಮಾನದಲ್ಲಿ ಒಮ್ಮೆಯಾದರೂ ಹೊರದೇಶ ನೋಡಬೇಕೆಂದು ಕೂಡಿಟ್ಟ ದುಡ್ಡಿನಲ್ಲಿ ಸಿಂಗಪುರಕ್ಕೆ ಹೊರಟಾಗ, ಅಲ್ಲಿನ ಕನ್ನಡದವರೊಬ್ಬರು ಮಗಳಿಗಾಗಿ ಹಾಕಿದ ಅರ್ಜಿ ಬಂದಿತ್ತು. ಪ್ರಿನ್ಸಿಪಾಲರು “ಹೇಗೂ ಹೋಗ್ತಿದ್ದೀರಲ್ಲ, ಆ ಹುಡುಗೀನೂ ನೋಡ್ಕೊಂಡು ಬನ್ನಿ” ಎಂದು ಫಾರಂ ಕೈಗಿತ್ತರು.

ಯಿಶುನ್

ನನ್ನದೊಂದು ನಿಯಮವಿತ್ತು. ಹುಣಸೂರಿಗೋ ಮಂಡ್ಯಕ್ಕೋ ಹುಡುಗಿಯರನ್ನು ನೋಡಲು ಹೋದರೆ ಬುತ್ತಿ ನಾನೇ ಕಟ್ಟಿಕೊಂಡು ಹೋಗುತ್ತಿದ್ದೆ. ಅಭ್ಯರ್ಥಿಯ ಮನೆಯಲ್ಲಿ ಒಂದು ಲೋಟ ಕಾಫಿ ಕೂಡ ಕುಡಿಯುತ್ತಿರಲಿಲ್ಲ. ಕುಡಿದರೆ ಋಣ, ಋಣ ಬಂದರೆ ಕಣ್ಣು ಮಂಜಾಗುತ್ತದೆ ಎಂದು ಕಮಿಟಿಯ ಮುಂದೆ ನಾನೇ ಭಾಷಣ ಬಿಗಿದಿದ್ದೆ. ಸಿಂಗಪುರದಲ್ಲಿ ಆ ನಿಯಮ ಮೊದಲ ದಿನವೇ ಮಣ್ಣುಪಾಲಾಯಿತು. ಹೋಟೆಲಿನ ಬಾಡಿಗೆ ಕೇಳಿ ಎದೆ ಧಸಕ್ಕೆಂದಿತು. ಹುಡುಗಿಯ ತಂದೆ ಸದಾನಂದ ಅವರು “ನಮ್ಮನೆ ಇರುವಾಗ ಹೋಟೆಲ್ ಯಾಕೆ ಮೇಡಂ?” ಎಂದು ನನ್ನ ಪೆಟ್ಟಿಗೆ ಎತ್ತಿಕೊಂಡು ನಡೆದೇಬಿಟ್ಟರು.

ಉಡುಪಿ ಕಡೆಯವರು, ಯಿಶುನ್ ಬಡಾವಣೆಯಲ್ಲಿ ಏಳನೇ ಮಹಡಿಯ ಮನೆ. ಹಡಗು ರಿಪೇರಿ ಮಾಡುವ ಯಾರ್ಡಿನಲ್ಲಿ ಸೂಪರ್‌ವೈಸರ್. ಗಂಡ ಹೆಂಡತಿ ತಮ್ಮೊಳಗೆ ತುಳು ಮಾತಾಡುತ್ತಿದ್ದರು, ನನ್ನ ಹತ್ತಿರ ಬೆಂಗಳೂರು ಕನ್ನಡ. ಹೆಂಡತಿ ಜಯಂತಿ. ಒಬ್ಬಳೇ ಮಗಳು ರಶ್ಮಿ, ಅಲ್ಲಿನ ಶಾಲೆಯ ಕೊನೆಯ ವರ್ಷದವಳು, ಉದ್ದಕ್ಕೆ ಬೆಳೆದವಳು, ಮಾತು ಕಡಿಮೆ. ಜಯಂತಿ ನನ್ನನ್ನು ನೋಡಿಕೊಂಡ ರೀತಿ ಹೇಗಿತ್ತೆಂದರೆ, ಹೆಣ್ಣು ನೋಡಲು ಬಂದ ಗಂಡಿನ ಕಡೆಯವರನ್ನು ನೋಡಿಕೊಂಡ ಹಾಗೆ. ಬೆಳಿಗ್ಗೆ ನೀರುದೋಸೆ, ಹತ್ತು ಗಂಟೆಗೆ ಬನ್ಸ್, ಸಂಜೆ ಗೋಳಿಬಜೆ. “ಸಾಕಮ್ಮ” ಎಂದರೆ ಮುಖ ಬಾಡುತ್ತಿತ್ತು. ಹಾಗಾಗಿ ಸಾಕು ಎನ್ನುವುದನ್ನೇ ಬಿಟ್ಟೆ.

ಅಲ್ಲಿನ ಕಟ್ಟಡಗಳೆಲ್ಲ ಒಂದೇ ಅಚ್ಚು. ಎರಡನೇ ದಿನ ಒಬ್ಬಳೇ ಸುತ್ತಾಡಿ ಬಂದವಳು ತಪ್ಪಿ ಪಕ್ಕದ ಬ್ಲಾಕಿಗೆ ಹೊಕ್ಕೆ. ಏಳನೇ ಮಹಡಿಗೆ ಹೋಗಬೇಕೆಂದರೆ ಲಿಫ್ಟು ಆರಕ್ಕೆ ನಿಂತಿತು. ಅದು ಎಲ್ಲ ಮಹಡಿಗೂ ನಿಲ್ಲುವುದಿಲ್ಲವಂತೆ! ಮೆಟ್ಟಿಲು ಹತ್ತಿ ಬೆಲ್ ಒತ್ತಿದರೆ ಮಲಯ್ ಹೆಂಗಸೊಬ್ಬಳು ಬಾಗಿಲು ತೆಗೆದಳು. ತಪ್ಪು ಮನೆ ಎಂದು ಅವಳಿಗೂ ಗೊತ್ತಾಯಿತು. ಆದರೂ ಒಳಗೆ ಕೂರಿಸಿ, ಗುಲಾಬಿ ಬಣ್ಣದ ಶರಬತ್ತು ಕೊಟ್ಟು, ಕೆಳಗಿನತನಕ ಬಂದು ದಾರಿ ತೋರಿಸಿದಳು. ಅದೇ ಸಂಜೆ ಹಾಕರ್ ಸೆಂಟರ್ ಎಂಬ ಸಾಲು ಊಟದಂಗಡಿಗಳ ಜಾಗದಲ್ಲಿ ಖಾಲಿ ಮೇಜಿನ ಮೇಲೆ ಒಂದು ಟಿಶ್ಯೂ ಪ್ಯಾಕೆಟ್ ಬಿದ್ದಿತ್ತು. ಯಾರೋ ಪುಣ್ಯಾತ್ಮರು ಬಿಟ್ಟು ಹೋಗಿದ್ದಾರೆಂದು ಬಿಚ್ಚಿ ಮುಖ ಒರೆಸಿಕೊಂಡು ಕೂತೆ. ತಟ್ಟೆ ಹಿಡಿದು ಬಂದ ಚೀನೀ ಹೆಂಗಸು ನನ್ನನ್ನು ನೋಡಿದ ನೋಟ ಇವತ್ತಿಗೂ ಮರೆತಿಲ್ಲ. ಅದು ಸೀಟು ಹಿಡಿಯುವ ಕ್ರಮವಂತೆ. ನಮ್ಮಲ್ಲಿ ಬಸ್ಸಿನ ಕಿಟಕಿಯಿಂದ ಟವೆಲ್ ಹಾಕುವುದಿಲ್ಲವೇ, ಹಾಗೆ. ನಮ್ಮ ಟವೆಲ್ಲಿಗೆ ಜಗಳವಾಗುತ್ತದೆ, ಅವರ ಟಿಶ್ಯೂವನ್ನು ಯಾರೂ ಮುಟ್ಟುವುದಿಲ್ಲ.

ರಶ್ಮಿಯ ಕೈ ನಾನು ಮೊದಲು ನೋಡಿದ್ದು ಅವರ ಬ್ಲಾಕಿನ ಕೆಳಗಿನ ವಾಯ್ಡ್ ಡೆಕ್‌ನಲ್ಲಿ. ನೆಲಮಹಡಿಯಲ್ಲಿ ಮನೆಗಳಿಲ್ಲದೆ ಬರೀ ಕಂಬಗಳಿರುವ ತೆರೆದ ಜಾಗ ಅದು, ಮದುವೆಯೂ ಅಲ್ಲೇ, ಸಾವೂ ಅಲ್ಲೇ. ಚೆಂಡಾಟ ಆಡಬಾರದೆಂದು ಬೋರ್ಡು ಹಾಕಿದ್ದರು. ಅದಕ್ಕೆ ಅವಳು ನಾಲ್ಕು ಜೊತೆ ಕಾಲುಚೀಲ ಸುತ್ತಿ ಉಂಡೆ ಮಾಡಿಕೊಂಡು, ಕಂಬದ ಮೇಲೆ ಸೀಮೆಸುಣ್ಣದಲ್ಲಿ ಚೌಕ ಬರೆದು, ಅದಕ್ಕೆ ಎಸೆಯುತ್ತಿದ್ದಳು. ಕಲ್ಲುಮೇಜಿನಲ್ಲಿ ಚದುರಂಗ ಆಡುತ್ತಿದ್ದ ಮುದುಕರೊಬ್ಬರು ತಲೆಯೆತ್ತದೆಯೇ ಶಬ್ದ ಕೇಳಿ ಎಣಿಸುತ್ತಿದ್ದರು. “ಗುಡ್ ಲಾ. ಗುಡ್ ಲಾ. ಅಯ್ಯಾ, ದಿಸ್ ಒನ್ ಔಟ್ ಸೈಡ್.” ಇಪ್ಪತ್ತರಲ್ಲಿ ಹತ್ತೊಂಬತ್ತು ಚೌಕದೊಳಗೆ. ತೋಳು ತಿರುಗಿದ್ದು ಕಾಣುತ್ತಿರಲಿಲ್ಲ, ಉಂಡೆ ಕಂಬಕ್ಕೆ ಬಡಿದದ್ದು ಮಾತ್ರ ಕೇಳುತ್ತಿತ್ತು.  ಇಪ್ಪತ್ತಾರು ವರ್ಷದಲ್ಲಿ ಅಂಥ ಕೈ ನಾನು ನೋಡಿರಲಿಲ್ಲ.

“ಯಾರು ಕಲಿಸಿದ್ದೇ?” ಎಂದೆ.

“ಸ್ಕೂಲ್ ಕೋಚ್, ಆಂಟಿ. ಬಟ್ ಪ್ರಾಕ್ಟೀಸ್ ಇಲ್ಲೇ ಮಾಡೋದು. ಅಂಕಲ್ ಕೌಂಟ್ ಮಾಡ್ತಾರೆ.”

ಕಾಲುಚೀಲದ ಉಂಡೆಯನ್ನು ಫಾರಂನ ಯಾವ ಕಾಲಂನಲ್ಲಿ ಬರೆಯಲಿ? ಸುಮ್ಮನೆ ಮೇಲೆ ಹೋದೆ.

ಪುಂಗೋಲ್

ಭಾನುವಾರ ಸದಾನಂದ ಅವರು ನಮ್ಮನ್ನು ಪುಂಗೋಲಿನ ತುದಿಗೆ ಕರೆದುಕೊಂಡು ಹೋದರು. ಆಗ ಅಲ್ಲಿ ಕಟ್ಟಡಗಳಿರಲಿಲ್ಲ. ಕುರುಚಲು ಗಿಡ, ಪಾಳುಬಿದ್ದ ಹಂದಿ ಸಾಕಣೆಯ ಕೊಟ್ಟಿಗೆಗಳು, ಒಂದು ದೋಣಿಕಟ್ಟೆ, ಆಚೆಗೆ ಮಲೇಷಿಯಾದ ತೀರ. ಮಲ್ಪೆಯಲ್ಲಿ ಹುಟ್ಟಿದ ಜಯಂತಿ ನೀರು ನೋಡಿ “ಇದೆಂಥ ಸಮುದ್ರ ಮೇಡಂ, ಅಲೆಯೇ ಇಲ್ಲ, ನಮ್ಮೂರ ಕೆರೆ ಹಾಗೆ” ಎಂದು ಮೂಗು ಮುರಿದರು.

ರಶ್ಮಿ ಕಲ್ಲು ಹೆಕ್ಕಿ ಎಸೆಯತೊಡಗಿದಳು. ದೂರದಲ್ಲಿ ಒಂದು ನೀಲಿ ಡ್ರಮ್ಮು ತೇಲುತ್ತಿತ್ತು. ಮೂರನೇ ಕಲ್ಲು ಡಬ್ಬೆಂದು ಅದಕ್ಕೇ ಬಡಿಯಿತು. ಆಮೇಲೆ ಎಸೆದದ್ದೆಲ್ಲ ಅದಕ್ಕೆ, ಇಲ್ಲವೇ ಅದರಾಚೆ. ನನ್ನ ಕೈ ತಾನಾಗಿ ಚೀಲದೊಳಗಿನ ಟೇಪಿಗೆ ಹೋಯಿತು. ನೀರಿನ ಮೇಲೆ ಟೇಪು ಹಾಸುವುದು ಹೇಗೆ? ನಕ್ಕು ಕೈ ತೆಗೆದೆ.

ಸದಾನಂದ ಅವರು ನಗಲಿಲ್ಲ. ತಗ್ಗಿದ ದನಿಯಲ್ಲಿ ಹೇಳಿದರು. “ನೋಡಿ ಮೇಡಂ, ನಾನು ಅವಳಿಗೆ ಕ್ಲಿಯರ್ ಆಗಿ ಹೇಳಿದೀನಿ. ಈ ಆಟದಿಂದ ಒಂದು ಸೀಟ್ ಸಿಕ್ಕಿದ್ರೆ ಆಡ್ಲಿ, ನಾನು ಅಡ್ಡ ಬರಲ್ಲ. ಸಿಗ್ಲಿಲ್ಲ ಅಂದ್ರೆ ಎಕ್ಸಾಮ್ ಆದ ದಿನವೇ ಗ್ಲವ್ ಯಾರಿಗಾದ್ರೂ ಕೊಟ್ಟು ಓದ್ಲಿ. ಎರಡು ದೋಣೀಲಿ ಕಾಲಿಡೋಕೆ ನಮ್ಮಂಥವರಿಗೆ ಆಗಲ್ಲ.”

“ಅವಳೇನಂದ್ಲು?”

“ಓಕೆ ಅಂದ್ಲು. ಅವಳು ಯಾವಾಗ್ಲೂ ಓಕೆ ಅಂತಾಳೆ.”

ಕೆಟ್ಟ ಅಪ್ಪನಲ್ಲ. ಮಗಳನ್ನು ಪ್ರತಿ ಶನಿವಾರ ಪ್ರಾಕ್ಟೀಸಿಗೆ ಕರೆದುಕೊಂಡು ಹೋಗಿ ಬಿಸಿಲಲ್ಲಿ ಕಾಯುತ್ತಿದ್ದವರು. ಆದರೆ ಮಾತು ಅಂದರೆ ಮಾತು ಎನ್ನುವ ಜಾತಿ. ಹುಡುಗಿಯ ಆಟ ಉಳಿಯುವುದು ಬಿಡುವುದು ನನ್ನ ಫಾರಂ ಮೇಲೆ ನಿಂತಿದೆ ಎಂದು ಅಲ್ಲಿ ನನಗೆ ಗೊತ್ತಾಯಿತು. ಹೆದರಲಿಲ್ಲ. ಇವಳಿಗಲ್ಲದೆ ಇನ್ಯಾರಿಗೆ ಸಿಗುತ್ತದೆ ಸೀಟು ಎಂದು ಮನಸ್ಸಿನಲ್ಲೇ ಬೀಗಿದೆ.

ಮತ್ತೆ ಯಿಶುನ್, ಊಟದ ಹೊತ್ತು

ಪರೀಕ್ಷೆ ಸೋಮವಾರ ಮಧ್ಯಾಹ್ನ ಮೂರಕ್ಕೆ. ಚೋವಾ ಚು ಕಾಂಗ್‌ನ ಒಂದು ಶಾಲೆಯ ಮೈದಾನ ಅಷ್ಟು ಹೊತ್ತಿಗೆ ಖಾಲಿ ಸಿಗುತ್ತದೆಂದು ರಶ್ಮಿಯ ಕೋಚ್ ಏರ್ಪಾಡು ಮಾಡಿದ್ದರು.

ಹನ್ನೆರಡೂವರೆಗೆ ಜಯಂತಿ ಎಲೆ ಹಾಕಿದರು. ಸಿಂಗಪುರದಲ್ಲಿ ಬಾಳೆಎಲೆ ಎಲ್ಲಿಂದ ಹುಡುಕಿ ತಂದರೋ! ಶುಭದ ದಿನ ಎಂದು ಹೋಳಿಗೆ ಮಾಡಿದ್ದರು. ತುಪ್ಪ ಸುರಿದು, ಮೇಲೆ ಕಾಯಿಹಾಲು. ಪಲ್ಯ, ಕೋಸಂಬರಿ, ಗಸಿ, ಚಿತ್ರಾನ್ನ. ಬೆಳಗಿನ ಜಾವ ನಾಲ್ಕಕ್ಕೇ ಎದ್ದಿದ್ದರಂತೆ.

ರಶ್ಮಿ ಒಂದು ಬಾಳೆಹಣ್ಣು ಸುಲಿದುಕೊಂಡು ನಿಂತಿದ್ದಳು. “ಮಮ್ಮಿ, ನಾನು ಟೆಸ್ಟ್ ಆದ್ಮೇಲೆ ತಿಂತೀನಿ. ಗೇಮ್ ಮುಂಚೆ ಹೆವಿ ಬೇಡ ಅಂತ ಕೋಚ್ ಹೇಳಿದಾರೆ.”

 ಸೌಟು ಹಿಡಿದ ಜಯಂತಿಯ ಕೈ ಹಾಗೇ ನಿಂತಿತು, ಅಷ್ಟೆ. ಬಲವಂತ ಮಾಡಿದವಳು ನಾನು. ಅವರಲ್ಲ, ನಾನು.

ಯಾಕೆಂದರೆ ನನ್ನ ತಲೆಯಲ್ಲಿ ಕೂತಿದ್ದವರು ನಮ್ಮ ಹಾಸ್ಟೆಲಿನ ಹುಡುಗಿಯರು. ಬೆಳಿಗ್ಗೆ ತಿಂಡಿ ಬಿಟ್ಟು ಮೈದಾನಕ್ಕೆ ಬರುವವರು, ಬಿಸಿಲಿಗೆ ಕಣ್ಣು ಕತ್ತಲೆ ಬಂದು ಬೀಳುವವರು. ಅವರ ಬಾಯಿಗೆ ಕಡಲೆಮಿಠಾಯಿ ತುರುಕಿ, ಬಾಳೆಹಣ್ಣು ತಿನ್ನಿಸಿ, ಬೈದು ಬೈದು ಆಡಿಸಿದವಳು ನಾನು. ಹೊಟ್ಟೆ ತುಂಬಿದ ಹುಡುಗಿ ಎಂದರೆ ನನಗೆ ಗೆಲ್ಲುವ ಹುಡುಗಿ. ಈ ಹುಡುಗಿ ಹಸಿದವಳೇ ಅಲ್ಲ ಎಂಬುದು ನನ್ನ ಮಂಡೆಗೆ ಹೊಳೆಯಲೇ ಇಲ್ಲ. ಜೊತೆಗೆ ನಾಲ್ಕು ದಿನ ಉಂಡ ಅನ್ನ. ಆ ತಾಯಿಯ ಮುಖ ನೋಡಲಾಗಲಿಲ್ಲ.

“ನಿಮ್ಮ ಕೋಚಿಗೇನು ಗೊತ್ತು? ಖಾಲಿ ಹೊಟ್ಟೇಲಿ ಓಡ್ತಾರಾ ಯಾರಾದ್ರೂ? ಕೂತ್ಕೋ!” ಎಂದೆ. ಅವಳು ಅಮ್ಮನನ್ನು ನೋಡಿದಳು, ಅಪ್ಪನನ್ನು ನೋಡಿದಳು. “ಆಂಟಿ ಹೇಳ್ತಿದಾರಲ್ಲ” ಎಂದರು ಅಪ್ಪ.

ಕೂತಳು. ಒಂದು ಹೋಳಿಗೆ ತಿಂದಳು. ಎಲೆಗೆ ಅಡ್ಡ ಕೈ ಹಿಡಿದಳು. ನಾನು ಕೈ ಸರಿಸಿ ಎರಡನೆಯದು ಹಾಕಿದೆ. “ನೀನು ತಿನ್ನದಿದ್ರೆ ನಾನೂ ಏಳ್ತೀನಿ ನೋಡು” ಎಂದು ಮೂರನೆಯದು. ಜಯಂತಿಯ ಮುಖ ಬೆಳಗಿತು. “ಹಾಗೆ ಹೇಳಿ ಮೇಡಂ, ನನ್ನ ಮಾತು ಕೇಳಲ್ಲ ಅವಳು” ಎಂದು ಕಾಯಿಹಾಲು ಬಗ್ಗಿಸಿದರು. ನಮ್ಮ ಜನಕ್ಕೆ ಪ್ರೀತಿ ತೋರಿಸಲು ಬೇರೆ ದಾರಿಯೇ ಗೊತ್ತಿಲ್ಲವೋ ಏನೋ!

ಚೋವಾ ಚು ಕಾಂಗ್

ರೈಲಿನಲ್ಲಿ ಅವಳು ಕಿಟಕಿಗೆ ಹಣೆ ಒತ್ತಿ ಕೂತಿದ್ದಳು. ಟೆನ್ಷನ್ ಎಂದುಕೊಂಡೆ.

ಮೂರು ಗಂಟೆಯ ಬಿಸಿಲು, ಗಾಳಿಯಲ್ಲಿ ಹಿಂಡಿದರೆ ನೀರು ಬರುವಂಥ ಸೆಕೆ. ಮೈದಾನ ಮಾತ್ರ ಹಾಸಿದ ಜಮಖಾನದ ಹಾಗೆ ಚೊಕ್ಕ. ಶಾಲೆಯ ಸುಣ್ಣವನ್ನೇ ಕೇಳಿ ತೆಗೆದುಕೊಂಡು ಗೆರೆ ಹಾಕಿದೆ. ಎರಡು ಕೋಲಿನ ನಡುವೆ ಹಗ್ಗ ಕಟ್ಟಿ ಗುರಿಯ ಚೌಕ ಮಾಡಿದೆ. ಕೋಚ್, ಕುಳ್ಳಗಿನ ಚೀನೀ ಹೆಂಗಸು, ದೂರ ನಿಂತು ಕೈಕಟ್ಟಿ ನೋಡುತ್ತಿದ್ದರು. ಸದಾನಂದ ಅವರು ಗೇಟಿನ ಹತ್ತಿರ ಬೆನ್ನು ತಿರುಗಿಸಿ ನಿಂತರು, ನೋಡುವ ಧೈರ್ಯವಿರಲಿಲ್ಲ.

ಮೊದಲು ಓಟ. ಹೊಡೆಯುವ ಜಾಗದಿಂದ ಎರಡನೇ ಬೇಸ್‌ವರೆಗೆ. ಆರೂವರೆ ಸೆಕೆಂಡಿನೊಳಗೆ ಬಂದರೆ ಒಳ್ಳೆಯ ಹುಡುಗಿ. ಅವಳು ಅರ್ಧದಲ್ಲೇ ಪಕ್ಕೆ ಹಿಡಿದುಕೊಂಡಳು. ಏಳು ಸೆಕೆಂಡು ಹಿಡಿಯಿತು. ದೂರ ಎಸೆತ, ನಲವತ್ತು ಮೀಟರಿಗೂ ಕಡಿಮೆ. ಆಮೇಲೆ ಗುರಿಗೆ ಹತ್ತು ಎಸೆತ. ಮೊದಲನೆಯದು ಹಗ್ಗದ ನಟ್ಟನಡುವೆ ಹೋಯಿತು, ಜೀವ ಬಂತು ನನಗೆ. ಎರಡನೆಯದು ನೆಲಕ್ಕೆ. ಪ್ರತಿ ಎಸೆತಕ್ಕೂ ಮುಂಚೆ ನಿಂತು, ಕಣ್ಣು ಮುಚ್ಚಿ, ಉಗುಳು ನುಂಗುತ್ತಿದ್ದಳು. ಚೌಕದೊಳಗೆ ಹೋದದ್ದು ಒಟ್ಟು ನಾಲ್ಕು.

“ಏನಾಯ್ತೇ?”

“ಐ ಆಮ್ ಓಕೆ, ಆಂಟಿ.”

ನಾನು ಟೇಪು ಸುತ್ತುತ್ತಿದ್ದಾಗ ಅವಳು ಮೈದಾನದ ಅಂಚಿನ ಚರಂಡಿಯ ಹತ್ತಿರ ಹೋದಳು. ಹಿಂದೆಯೇ ಹೋದೆ. ಬಗ್ಗಿ ಎಲ್ಲವನ್ನೂ ಕಕ್ಕುತ್ತಿದ್ದಳು. ಹಣೆ ಹಿಡಿದುಕೊಂಡೆ. ತಣ್ಣಗಿತ್ತು ಹಣೆ. ಇಪ್ಪತ್ತಾರು ವರ್ಷ ಮೈದಾನದಲ್ಲಿ ಸವೆಸಿದ ನನಗೆ ಆಗ ಅರ್ಥವಾಯಿತು, ಆ ಹುಡುಗಿಯನ್ನು ಸೋಲಿಸಿದ್ದು ಯಾರೆಂದು. ಅವಳು ನೀರು ಮುಕ್ಕಳಿಸಿ, ಮುಖ ಒರೆಸಿಕೊಂಡು, ಅಪ್ಪ ತಿರುಗುವುದರೊಳಗೆ ನೆಟ್ಟಗೆ ನಿಂತಳು.

ಇಷ್ಟಕ್ಕೇ ಮುಗಿದಿದ್ದರೆ ಇದು ಬರೀ ಪೆದ್ದುತನ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದೆ. ವಾಪಸು ರೈಲಿನಲ್ಲಿ ಸದಾನಂದ ಅವರು ಮೆಲ್ಲಗೆ ಕೇಳಿದರು. “ಮೇಡಂ, ನಾಳೆ ಬೆಳಿಗ್ಗೆ ಏಳಕ್ಕೆ ಗ್ರೌಂಡ್ ಫ್ರೀ ಇದೆಯಂತೆ. ನಿಮ್ಮ ಫ್ಲೈಟ್ ಸಂಜೆ ಅಲ್ವಾ? ಇನ್ನೊಂದು ಚಾನ್ಸ್…”

ಬಾಯಿಗೆ ಬಂದಿತ್ತು, ಆಗಲಿ ಎಂದು. ಆದರೆ ನಮ್ಮಲ್ಲಿ ಎಲ್ಲರಿಗೂ ಒಂದೇ ಸಲ. ಹುಣಸೂರಿನ ಹುಡುಗಿಯೊಬ್ಬಳು ಬರಿಗಾಲಲ್ಲಿ ಮುಳ್ಳು ಚುಚ್ಚಿಸಿಕೊಂಡು ಓಡಿದಾಗಲೂ ಎರಡನೇ ಅವಕಾಶ ಕೊಟ್ಟವಳಲ್ಲ ನಾನು. ಇವರ ಮನೆಯಲ್ಲಿ ಉಂಡು, ಇವರ ಹಾಸಿಗೆಯಲ್ಲಿ ಮಲಗಿ, ಇವರ ಮಗಳಿಗೆ ಮಾತ್ರ ಎರಡು ಸಲ ಕೊಟ್ಟೆ ಎಂದು ನಾಳೆ ಯಾರಾದರೂ ಅಂದರೆ? ನನ್ನ ಹೆಸರು ಏನಾಗಬೇಕು? “ರೂಲ್ಸ್ ಇಲ್ಲ ಸದಾನಂದ ಅವರೇ” ಎಂದೆ. ಗಟ್ಟಿ ದನಿಯಲ್ಲಿ ಹೇಳಿದೆ. ಎದುರು ಸೀಟಿನಲ್ಲಿದ್ದ ರಶ್ಮಿ “ಓಕೆ, ಆಂಟಿ” ಎಂದಳು.

ರಾತ್ರಿ ಫಾರಂ ತುಂಬಿದೆ. ಏಳು, ಮೂವತ್ತೆಂಟು, ನಾಲ್ಕು. ಕೆಳಗೆ ಷರಾ ಎಂದು ನಾಲ್ಕು ಗೆರೆ ಜಾಗ ಇರುತ್ತದೆ. ನನ್ನ ಬಲವಂತಕ್ಕೆ ಉಂಡು ಬಂದಿದ್ದಳು ಎಂದು ಬರೆದರೆ, ಎಲ್ಲಿ ಉಂಡಳು, ನೀವು ಅಲ್ಲೇನು ಮಾಡುತ್ತಿದ್ದಿರಿ ಎಂಬ ಪ್ರಶ್ನೆ ಬರುತ್ತದೆ. ಪೆನ್ನಿನ ಕ್ಯಾಪು ಹಾಕಿದೆ.

ಮೈಸೂರು

ಕಮಿಟಿ ನಾಲ್ಕು ಫಾರಂ ನೋಡಿತು. ರಶ್ಮಿಯದಕ್ಕೆ ಒಂದು ನಿಮಿಷವೂ ಹಿಡಿಯಲಿಲ್ಲ. ಪ್ರಿನ್ಸಿಪಾಲರು ಮಾತ್ರ ಕನ್ನಡಕ ತೆಗೆದು ಕೇಳಿದರು. “ನೀವು ಕಣ್ಣಾರೆ ನೋಡಿದ್ದೀರಲ್ಲ ಮೇಡಂ, ಹುಡುಗಿ ಹೇಗೆ?”

ಅದು ದೇವರು ಕೊಟ್ಟ ಇನ್ನೊಂದು ಅವಕಾಶ. ವಾಯ್ಡ್ ಡೆಕ್ಕಿನ ಕಂಬ ಕಣ್ಣ ಮುಂದೆ ಬಂತು. “ಅಲ್ಲಿ ಬರೆದಿರೋದೇ, ಸಾರ್” ಎಂದೆ. ಸೀಟು ನಂಜನಗೂಡಿನ ಹುಡುಗಿಗೆ ಹೋಯಿತು. ಅವಳೂ ಒಳ್ಳೆಯ ಆಟಗಾರ್ತಿಯೇ, ಎರಡು ವರ್ಷ ಚೆನ್ನಾಗಿ ಆಡಿದಳು. ಅವಳು ಗೆದ್ದಾಗಲೆಲ್ಲ ನಾನು ಚಪ್ಪಾಳೆ ತಟ್ಟಿದೆ.

ಪತ್ರ ಬರೆದು ತಿಳಿಸುವುದು ಹೇಡಿತನ ಎನ್ನಿಸಿ ಕಾಲೇಜಿನ ಎದುರಿನ ಎಸ್.ಟಿ.ಡಿ. ಬೂತಿನಿಂದ ಫೋನು ಮಾಡಿದೆ. ನಿಜ ಹೇಳಿ ತಪ್ಪೊಪ್ಪಿಕೊಳ್ಳಬೇಕೆಂದೇ ಹೋಗಿದ್ದೆ, ದೇವರಾಣೆ. ರಶ್ಮಿಯೇ ಎತ್ತಿದಳು. ಸೀಟು ಸಿಗಲಿಲ್ಲವೆಂದು ಹೇಳಿದೆ. 

“ಇಟ್ಸ್ ಓಕೆ, ಆಂಟಿ” ಎಂದಳು. ಆಮೇಲೆ ದನಿ ತಗ್ಗಿಸಿದಳು. “ಆಂಟಿ, ಒಂದು ಹೆಲ್ಪ್. ವಾಮಿಟ್ ಆಗಿದ್ದು ಮಮ್ಮಿಗೆ ಹೇಳ್ಬೇಡಿ, ಪ್ಲೀಸ್. ನಾನು ಸರಿಯಾಗಿ ಆಡಲಿಲ್ಲ ಅಂತ ಹೇಳಿದೀನಿ. ಗೊತ್ತಾದ್ರೆ ತನ್ನಿಂದಾನೇ ಆಯ್ತು ಅಂತ ಅಳ್ತಾಳೆ.”

 ನಿಮ್ಮ ಅಮ್ಮನಿಂದಲ್ಲ ಕಣೇ, ನನ್ನಿಂದ ಎನ್ನುವಷ್ಟರಲ್ಲಿ ಫೋನು ಕೈ ಬದಲಾಯಿಸಿತು.

“ಮೇಡಂ, ನಾನು ಜಯಂತಿ. ಗೊತ್ತಾಯ್ತು ಬಿಡಿ, ಅವಳ ಮುಖ ನೋಡಿದೆ.”  “ಅಷ್ಟು ದೂರದಿಂದ ಬಂದು, ಆ ಬಿಸಿಲಲ್ಲಿ ನಿಂತು ಕಷ್ಟಪಟ್ರಿ. ಇವಳು ನಿಮ್ಮ ಮುಖಕ್ಕೆ ಮಸಿ ಬಳಿದಳು. ಸಿಟ್ಟು ಮಾಡ್ಕೋಬೇಡಿ ಮೇಡಂ. ನಮ್ಮನ್ನು ಕ್ಷಮಿಸಿ.”

ಗಾಜಿನ ಆಚೆ ಇನ್ನಿಬ್ಬರು ಸರದಿಗೆ ಕಾಯುತ್ತಿದ್ದರು.

“ಪರವಾಗಿಲ್ಲ ಬಿಡಿ ಜಯಂತಿ” ಎಂದೆ ನಾನು.